ಗೇಣುದ್ದದ ಆಲ್ಕೊ

1946ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯ ಹೋಟೆಲಿನ ಕೆಳಗೆ ಹಾದುಹೋಗುವ ಹಳಿಯ ಮೇಲೆ ಹೊಸ ರೈಲು ಇಂಜಿನ್ನೊಂದು ಜನ ನೋಡಲೆಂದು ನಿಂತಿತ್ತು. ಸ್ಯಾಂಟಾ ಫೆ ರೈಲ್ವೆಗಾಗಿ ಆಲ್ಕೊ, ಅಂದರೆ ಅಮೆರಿಕನ್ ಲೋಕೋಮೋಟಿವ್ ಕಂಪನಿ, ಕಟ್ಟಿದ 51ನೇ ನಂಬರಿನ ಡೀಸೆಲ್ ಅದು. ಆ ಕಂಪನಿಯ 75,000ನೇ ಇಂಜಿನ್ ಕೂಡ ಅದೇ. ಪಿಎ ಎಂದು ಹೆಸರಾದ ಈ ಪ್ಯಾಸೆಂಜರ್ ಡೀಸೆಲ್‌ಗಳು 1953ರವರೆಗೆ ತಯಾರಾದವು. ಚಾಲಕನ ಕೋಣೆ ಇದ್ದವು, ಇಲ್ಲದವು ಎರಡೂ ಸೇರಿ ಒಟ್ಟು 297. ಅವುಗಳಲ್ಲಿ ಇಂದು ಉಳಿದಿರುವುದು ಕೈಬೆರಳಲ್ಲಿ ಎಣಿಸುವಷ್ಟು. ಆದರೆ ಅಮೆರಿಕದ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ, ಮೇಜಿನ ಮೇಲೆ ಹಾಸಿದ ಹಳಿಗಳಲ್ಲಿ, ಅವು ಇಂದಿಗೂ ಬೋಗಿಗಳನ್ನು ಎಳೆಯುತ್ತಲೇ ಇವೆ.

ಮಾದರಿ ರೈಲನ್ನು ಮಕ್ಕಳಾಟಿಕೆಯ ಸಾಲಿಗೆ ಸೇರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಗುಜರಿಗೆ ಹೋದ ಯಂತ್ರಗಳ ವಿಷಯದಲ್ಲಿ ಈ ಹವ್ಯಾಸಿಗಳೇ ಅತ್ಯಂತ ನಿಷ್ಠೆಯ ದಾಖಲೆಗಾರರು. ಜನರಲ್ ಮೋಟಾರ್ಸ್‌ನವರು ಕಟ್ಟಿದ ಇ-7 ಇಂಜಿನ್ನನ್ನೇ ನೋಡಿ. ಐನೂರಕ್ಕೂ ಹೆಚ್ಚು ತಯಾರಾದವು. ಉಳಿದದ್ದು ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿರುವ ಒಂದೇ ಒಂದು. ಬಾಲ್ಡ್‌ವಿನ್ ಕಂಪನಿಯ ಶಾರ್ಕ್ ಮೂತಿಯ ಪ್ಯಾಸೆಂಜರ್ ಡೀಸೆಲ್, ಫೇರ್‌ಬ್ಯಾಂಕ್ಸ್ ಮೋರ್ಸ್ ಕಂಪನಿಯ ಈರಿ-ಬಿಲ್ಟ್, ಇವೆರಡರಲ್ಲಿ ಒಂದೂ ಉಳಿದಿಲ್ಲ. ಅವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಬೇಕೆಂದರೆ ಈಗ ಮಾದರಿಯೇ ಗತಿ.

ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಅಳತೆ. ನಿಜದ ಒಂದು ಅಡಿಗೆ ಮಾದರಿಯಲ್ಲಿ ಮೂರೂವರೆ ಮಿಲಿಮೀಟರ್, ಅಂದರೆ ಸುಮಾರು 87ರಲ್ಲಿ ಒಂದು ಪಾಲು. ಇಪ್ಪತ್ತು ಮೀಟರ್ ಉದ್ದದ ಪಿಎ ಈ ಲೆಕ್ಕದಲ್ಲಿ 23 ಸೆಂಟಿಮೀಟರ್ ಆಗುತ್ತದೆ, ಸರಿಯಾಗಿ ಒಂದು ಗೇಣು. ಉದ್ದ ಹೀಗೆ ಸುಲಭವಾಗಿ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ಸುಮಾರು 139 ಟನ್ನಿನ ಇಂಜಿನ್ನನ್ನು ಮೂರು ದಿಕ್ಕಿನಲ್ಲೂ 87ರಿಂದ ಭಾಗಿಸಿದರೆ ಸಿಗುವುದು ಬರೀ 210 ಗ್ರಾಂ. ಅಷ್ಟು ಹಗುರಾದ ಇಂಜಿನ್ ಹತ್ತು ಬೋಗಿ ಕಟ್ಟಿದೊಡನೆ ನಿಂತಲ್ಲೇ ಗಾಲಿ ತಿರುಗಿಸುತ್ತದೆ. ಹಾಗಾಗಿ ಒಳಗೆ ಎರಕದ ಲೋಹದ ಚಾಸಿ ಕೂರಿಸಿ ತೂಕವನ್ನು ಇಮ್ಮಡಿಗೂ ಮೀರಿ ಏರಿಸುತ್ತಾರೆ. ಆ ಚಾಸಿಯ ನಡುವೆ ಒಂದು ಮೋಟಾರ್, ಅದರ ಎರಡು ತುದಿಗೂ ಹಿತ್ತಾಳೆಯ ಫ್ಲೈವೀಲ್, ಅಲ್ಲಿಂದ ಮುಂದಿನ ಹಿಂದಿನ ಗಾಲಿಗಳಿಗೆ ಗೇರು. ಹಳಿಯಲ್ಲಿ ಧೂಳಿದ್ದು ಅರೆಕ್ಷಣ ಕರೆಂಟ್ ತಪ್ಪಿದರೂ ಇಂಜಿನ್ ಮುಗ್ಗರಿಸದಂತೆ ಫ್ಲೈವೀಲ್ ಕಾಯುತ್ತದೆ.

ಕಷ್ಟ ಇರುವುದು ಮೂತಿಯಲ್ಲಿ. ಪಿಎಯ ಮೂತಿ ಉದ್ದ, ಅಗಲ, ತುಸು ಚೌಕ. ದೀಪದ ಸುತ್ತ ಜಾಲರಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿನ್ಯಾಸಕ ರೇ ಪ್ಯಾಟನ್ ಅದಕ್ಕೆ ರೂಪ ಕೊಟ್ಟವರು. ಅದರ ಅಂಚುಗಳು ಎಲ್ಲಿ ಬಾಗುತ್ತವೆ, ಎಲ್ಲಿ ನೇರವಾಗುತ್ತವೆ ಎಂಬುದು ನಕ್ಷೆ ನೋಡಿದರೂ ಪೂರ್ತಿ ಗೊತ್ತಾಗದು. ಅಚ್ಚಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಬಲ್ಲವರ ಕಣ್ಣಿಗೆ ಅದು ಬೇರೆಯದೇ ಇಂಜಿನ್. ಅದರ ಮೇಲೆ ಬಣ್ಣ. ಸ್ಯಾಂಟಾ ಫೆಯ ಕೆಂಪು ಮೂತಿ ಬೆಳ್ಳಿ ಮೈಯ ಪ್ರಸಿದ್ಧ ವಿನ್ಯಾಸ ಲೇಲ್ಯಾಂಡ್ ನಿಕರ್‌ಬಾಕರ್ ಎಂಬ ಕಲಾವಿದನದು. 1937ರಲ್ಲಿ ಜನರಲ್ ಮೋಟಾರ್ಸ್‌ನ ಇಂಜಿನ್ನಿಗಾಗಿ ಬರೆದದ್ದು ಮುಂದೆ ಎದುರಾಳಿ ಕಂಪನಿಯ ಪಿಎಗೂ ಬಂತು, ನನ್ನ ಕಣ್ಣಿಗೆ ಪಿಎ ಮೇಲೇ ಹೆಚ್ಚು ಒಪ್ಪುತ್ತದೆ. ಈ ಬಣ್ಣವನ್ನು ಮನೆಮನೆಗೆ ಮುಟ್ಟಿಸಿದ್ದು ಮಾತ್ರ ಲಯೊನೆಲ್ ಕಂಪನಿ 1948ರಲ್ಲಿ ತಂದ ದೊಡ್ಡ ಅಳತೆಯ ಎಫ್-3 ಆಟಿಕೆ.

ಪ್ಯಾಸೆಂಜರ್ ಇಂಜಿನ್ ಇಟ್ಟುಕೊಂಡವರಿಗೆ ಜಾಗದ ಚಿಂತೆ ಬಿಟ್ಟಿದ್ದಲ್ಲ. ಅಮೆರಿಕದ 85 ಅಡಿಯ ಬೋಗಿ ಎಚ್‌ಒ ಅಳತೆಯಲ್ಲಿ 30 ಸೆಂಟಿಮೀಟರ್. ಮೂರು ಇಂಜಿನ್, ಹತ್ತು ಬೋಗಿ ಜೋಡಿಸಿದರೆ ಗಾಡಿ 3.7 ಮೀಟರ್ ಆಯಿತು. ಪೆಟ್ಟಿಗೆ ಸೆಟ್ಟಿನೊಂದಿಗೆ ಬರುವ 18 ಇಂಚು ತ್ರಿಜ್ಯದ ತಿರುವು ನಿಜದ ಲೆಕ್ಕದಲ್ಲಿ ಸುಮಾರು 40 ಮೀಟರಿನದು. ಯಾವ ಮುಖ್ಯ ಮಾರ್ಗದಲ್ಲೂ ಅಂಥ ತಿರುವು ಇರುವುದಿಲ್ಲ. ಪಿಎಗೆ ಮುಂದೆ ಹಿಂದೆ ಮೂರು ಮೂರು ಅಚ್ಚು, ನಡುವಿನದಕ್ಕೆ ಮೋಟಾರ್ ಇಲ್ಲ. ಆ ನಡು ಅಚ್ಚು ಪಕ್ಕಕ್ಕೆ ಸರಿದಾಡುವಂತೆ ಮಾಡಿ ಮಾದರಿಯನ್ನು ಹೇಗೋ ತಿರುಗಿಸುತ್ತಾರೆ. ಆದರೆ ಉದ್ದನೆಯ ಬೋಗಿಗಳು ತಿರುವಿನಲ್ಲಿ ಅಡ್ಡಡ್ಡ ಚಾಚಿಕೊಂಡಾಗ ಇಡೀ ಗಾಡಿಯ ಗಾಂಭೀರ್ಯ ಹೋಗಿಬಿಡುತ್ತದೆ. ಮನೆಯಲ್ಲಿ ಜಾಗ ಸಾಲದವರು ಕ್ಲಬ್ ಸೇರಿ ತಮ್ಮ ತಮ್ಮ ತುಂಡು ಹಳಿಗಳನ್ನು ತಂದು ಜೋಡಿಸುವುದು ಇದಕ್ಕಾಗಿಯೇ.

ಈಗ ಹೊಗೆಯ ವಿಷಯ. ಮೊದಲ ಪಿಎಗಳ ಒಳಗಿದ್ದದ್ದು ಆಲ್ಕೊದ 244 ಮಾದರಿಯ 2,000 ಅಶ್ವಶಕ್ತಿಯ ಎಂಜಿನ್. ಚಾಲಕ ಥ್ರಾಟಲ್ ಏರಿಸಿದಾಗ ಡೀಸೆಲ್ ಒಡನೆ ಒಳನುಗ್ಗುತ್ತಿತ್ತು, ಗಾಳಿ ತುಂಬುವ ಟರ್ಬೊ ಮಾತ್ರ ತಡವಾಗಿ ವೇಗ ಹಿಡಿಯುತ್ತಿತ್ತು. ಆ ನಡುವಿನ ಹೊತ್ತಿನಲ್ಲಿ ನೆತ್ತಿಯಿಂದ ದಟ್ಟ ಕರಿಹೊಗೆ. 244 ಕೆಡುವುದೂ ಹೆಚ್ಚಾಗಿ, 1950ರ ದಶಕದ ನಡುವೆ ಕಂಪನಿ 251 ಎಂಬ ಹೊಸ ಎಂಜಿನ್ ತಂದಿತು. ಕನ್ನಡ ನಾಡಿನ ರೈಲು ಪ್ರಯಾಣಿಕರಿಗೆ ಈ 251 ಹೊಸಬನಲ್ಲ. 1962ರಲ್ಲಿ ಆಲ್ಕೊದಿಂದ ಭಾರತಕ್ಕೆ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯುಡಿಎಂ-2ರ ಹೊಟ್ಟೆಯಲ್ಲಿದ್ದದ್ದು ಅದೇ. ಹಾಸನ–ಮಂಗಳೂರು ಘಟ್ಟ ಹತ್ತುತ್ತಿದ್ದ ಮೀಟರ್‌ಗೇಜಿನ ವೈಡಿಎಂ-4ರಲ್ಲೂ ಅದೇ ಕುಟುಂಬದ ಆರು ಸಿಲಿಂಡರಿನ ಎಂಜಿನ್. 1969ರಲ್ಲಿ ಆಲ್ಕೊ ಬಾಗಿಲು ಮುಚ್ಚಿದ ಮೇಲೂ ವಾರಾಣಸಿಯಲ್ಲಿ ಅದರ ಸಂತಾನ ಬೆಳೆಯುತ್ತಲೇ ಹೋಯಿತು. ಡೆಲವೇರ್ ಆ್ಯಂಡ್ ಹಡ್ಸನ್ ರೈಲ್ವೆ ತನ್ನಲ್ಲಿದ್ದ ನಾಲ್ಕು ಪಿಎಗಳನ್ನು 1970ರ ದಶಕದಲ್ಲಿ ದುರಸ್ತಿ ಮಾಡಿಸಿದಾಗ ಅವಕ್ಕೂ ಹಾಕಿಸಿದ್ದು 251ನ್ನೇ. ಆ ನಾಲ್ಕೂ ಮುಂದೆ ಮೆಕ್ಸಿಕೊಗೆ ಹೋದವು, 2000ರಲ್ಲಿ ಎರಡು ಅಮೆರಿಕಕ್ಕೆ ಮರಳಿದವು.

ಮಾದರಿಯಲ್ಲಿ ಆ ಹೊಗೆಯನ್ನು ತರುವುದು ಮಸಿಪುಡಿಯಿಂದ. ನೆತ್ತಿಯ ಹೊಗೆಕಿಂಡಿಯ ಸುತ್ತ ಮೃದು ಕುಂಚದಲ್ಲಿ ಕರಿಪುಡಿ ಹಚ್ಚಿ, ಮೇಲೆ ಮಂಕು ವಾರ್ನಿಶ್ ಸಿಂಪಡಿಸುತ್ತಾರೆ. ಸದ್ದಿಗೆ ಡಿಸಿಸಿ ವ್ಯವಸ್ಥೆ ಇದೆ. ಹಳಿಯಲ್ಲೇ ಕರೆಂಟಿನ ಜೊತೆ ಅಂಕಿಗಳ ಆದೇಶ ಹರಿಯುತ್ತದೆ, ಇಂಜಿನ್ನಿನೊಳಗಿನ ಡಿಕೋಡರ್ ತನ್ನ ನಂಬರಿಗೆ ಬಂದ ಆದೇಶವನ್ನಷ್ಟೇ ಪಾಲಿಸುತ್ತದೆ. ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ಈ ವಿಧಾನವನ್ನು ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ 1990ರ ದಶಕದಲ್ಲಿ ಎಲ್ಲರಿಗೂ ಒಗ್ಗುವ ಮಾನದಂಡ ಮಾಡಿತು. ಒಂದೇ ಹಳಿಯ ಮೇಲೆ ಎರಡು ಇಂಜಿನ್ ಬೇರೆ ಬೇರೆ ವೇಗದಲ್ಲಿ ಓಡುವುದು, ಥ್ರಾಟಲ್ ಏರಿಸಿದಾಗ ಮೊದಲು ಎಂಜಿನ್ ಗುಡುಗಿ ಆಮೇಲೆ ಗಾಲಿ ತಿರುಗುವುದು ಹೀಗೆ ಸಾಧ್ಯವಾಯಿತು.

ನಮ್ಮ ಡಬ್ಲ್ಯುಡಿಎಂ-2 ಮಾದರಿ ಮಾಡಹೊರಟವರಿಗೆ ಮೊದಲ ತೊಡಕೇ ಹಳಿಯದು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್, ಅದು ಅಮೆರಿಕ, ಯುರೋಪಿನ ಗೇಜಿಗೆ ಹೊಂದುತ್ತದೆ. ನಮ್ಮ 1,676 ಮಿಲಿಮೀಟರಿನ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ ಸುಮಾರು 19.3 ಆಗುತ್ತದೆ. ಇಂಜಿನ್ನಿನ ಮೈ ಸರಿಯಿದ್ದು ಕಾಲು ಒಳಸರಿದಂತೆ ಕಂಡರೂ ಸಿಗುವ ಹಳಿಯಲ್ಲೇ ಓಡಿಸಬೇಕು, ಇಲ್ಲವೇ ಹಳಿಯನ್ನೂ ಅಚ್ಚನ್ನೂ ಕೈಯಾರೆ ಮಾಡಿಕೊಳ್ಳಬೇಕು. ಎರಡನೆಯ ತೊಡಕು ಫೋಟೊಗಳದು. ಮೇಜಿನ ಮೇಲಿನ ಇಂಜಿನ್ನನ್ನು ನಾವು ನೋಡುವುದು ಮೇಲಿನಿಂದ, ಎದ್ದು ಕಾಣುವುದು ಅದರ ನೆತ್ತಿ. ಹಳೆಯ ಫೋಟೊಗಳಲ್ಲಿ ಬಹುಪಾಲು ನೆಲದ ಮೇಲೆ ನಿಂತು ತೆಗೆದವು. ಯಾವ ಶೆಡ್ಡಿನ, ಯಾವ ನಂಬರಿನ ಇಂಜಿನ್ನಿಗೆ ಯಾವ ವರ್ಷ ಹಾರ್ನ್ ಎಲ್ಲಿತ್ತು, ಹೊಗೆಕಿಂಡಿ ಹೇಗಿತ್ತು ಎಂಬುದು ಅವುಗಳಲ್ಲಿ ಕಾಣುವುದಿಲ್ಲ. ಜಂಕ್ಷನ್ನಿನ ಮೇಲ್ಸೇತುವೆಯಲ್ಲಿ ನಿಂತು, ಕೆಳಗೆ ನಿಂತ ಡೀಸೆಲ್ ಗಾಡಿಯ ಫೋಟೊ ಎಂದಾದರೂ ತೆಗೆದಿದ್ದವರ ಹಳೆಯ ಆಲ್ಬಂ ಈಗ ಮಾದರಿಕಾರರಿಗೆ ಬೇಕಾಗಿದೆ.