ಸ್ನ್ಯಾಪ್‌ಶಾಟ್ ಅಳಿಸಲು ಅಂಜಿಕೆ ಏಕೆ?

ವಿಎಂವೇರ್ ಮೇಲೆ ಓಡುವ ಸರ್ವರ್‌ನ ಸ್ನ್ಯಾಪ್‌ಶಾಟ್ ತೆಗೆಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅಳಿಸುವಾಗ ಮಾತ್ರ ಎಲ್ಲರ ಕೈ ನಡುಗುತ್ತದೆ. ಅಪ್‌ಡೇಟ್‌ಗೆ ಮುನ್ನ ತೆಗೆದದ್ದು ತಿಂಗಳುಗಟ್ಟಲೆ ಹಾಗೇ ಉಳಿದುಬಿಡುತ್ತದೆ. ಆಸ್ಪತ್ರೆಯ ದಾಖಲೆಯೋ ಬ್ಯಾಂಕಿನ ಲೆಕ್ಕವೋ ಇರುವ ಸರ್ವರ್ ಆದರಂತೂ ‘ನಡೀತಾ ಇದೆಯಲ್ಲ, ಮುಟ್ಟೋದು ಬೇಡ’ ಎನ್ನುವವರೇ ಹೆಚ್ಚು. ಅಪಾಯವನ್ನು ಬೆಳೆಸುವುದು ಈ ಎಚ್ಚರಿಕೆಯೇ.

ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್ ಫೈಲ್‌ಗೆ ಬರೆಯುವುದು ನಿಲ್ಲುತ್ತದೆ. ಆಮೇಲಿನ ಬದಲಾವಣೆಯೆಲ್ಲ, ಹೆಸರಿನಲ್ಲಿ 000001 ಎಂದಿರುವ ಡೆಲ್ಟಾ ಫೈಲ್‌ಗೆ ಹೋಗುತ್ತದೆ. ಮೂಲ ಫೈಲ್ ಕೆಟ್ಟರೆ ಡೆಲ್ಟಾ ಒಂದರಿಂದ ಏನೂ ಸಿಗದು. ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಎಂದು ನಂಬಿ ಕೂತವರು ಇದನ್ನು ಗಮನಿಸಬೇಕು. ಇನ್ನು, ‘ಡಿಲೀಟ್’ ಒತ್ತಿದರೆ ಈಚಿನ ಕೆಲಸವೆಲ್ಲ ಹೋಗಿಬಿಡುತ್ತದೆಂಬ ಭಯ. ಹಾಗೆ ಹೋಗುವುದು ‘ರಿವರ್ಟ್’ ಒತ್ತಿದರೆ. ಡಿಲೀಟ್ ಮಾಡಿದಾಗ ಡೆಲ್ಟಾದಲ್ಲಿರುವುದು ಮೂಲ ಡಿಸ್ಕ್‌ಗೆ ಸೇರಿ ಇಂದಿನ ಸ್ಥಿತಿಯೇ ಉಳಿಯುತ್ತದೆ. ಅಂದರೆ ಅಳಿಸುವುದೆಂದರೆ ದೊಡ್ಡ ಪ್ರಮಾಣದ ಬರವಣಿಗೆ. ತಡಮಾಡಿದಷ್ಟೂ ಬರೆಯಬೇಕಾದದ್ದು ಹೆಚ್ಚುತ್ತದೆ, ಡೆಲ್ಟಾ ಬೆಳೆದು ಡೇಟಾಸ್ಟೋರ್ ತುಂಬಿದರೆ ಸರ್ವರ್ ಅಲ್ಲೇ ನಿಂತುಬಿಡುತ್ತದೆ. ಒಂದೇ ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಸರಪಳಿಯಲ್ಲಿ 32ರವರೆಗೆ ಅವಕಾಶವಿದ್ದರೂ ಎರಡು ಮೂರಕ್ಕೇ ನಿಲ್ಲಿಸಿ ಎಂದು ವಿಎಂವೇರ್ ಹೇಳುವುದು ಇದಕ್ಕಾಗಿಯೇ.

‘ಏನಾದರೂ ಆದರೆ ಹಿಂದಕ್ಕೆ ಹೋಗಬಹುದಲ್ಲ’ ಎನ್ನಬಹುದು. ತಿಂಗಳ ಹಿಂದಿನ ಸ್ಥಿತಿಗೆ ಮರಳಿದರೆ ತಿಂಗಳ ವ್ಯವಹಾರವೆಲ್ಲ ಮಾಯ. ಅದಕ್ಕೆ ಒಪ್ಪುವ ಬ್ಯಾಂಕ್ ಯಾವುದು? ಮರಳಲಾಗದ ದಾರಿಯನ್ನು ಕಾಯುತ್ತಾ ಡಿಸ್ಕನ್ನು ನಿಧಾನ ಮಾಡಿಕೊಂಡದ್ದಷ್ಟೇ ಲಾಭ.

ಓಡುತ್ತಿರುವಾಗಲೇ ಅಳಿಸಿದರೆ ಕೊನೆಯಲ್ಲಿ ಸರ್ವರ್ ಕ್ಷಣಕಾಲ ಸ್ತಬ್ಧವಾಗುತ್ತದೆ, ಕ್ಲಸ್ಟರ್‌ನ ಜೊತೆಯ ಸರ್ವರ್ ಇದು ಸತ್ತೇಹೋಯಿತೆಂದು ಭಾವಿಸಬಹುದು ಎಂಬ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ವಿಎಂವೇರ್‌ನ ವಿಸ್ಫಿಯರ್ 6.0ರಿಂದ ಹೊಸ ಬರವಣಿಗೆ ಡೆಲ್ಟಾ, ಮೂಲ ಡಿಸ್ಕ್ ಎರಡಕ್ಕೂ ಒಟ್ಟಿಗೆ ಹೋಗುವ ವ್ಯವಸ್ಥೆ ಬಂದು ಈ ವಿರಾಮ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಡೆಲ್ಟಾ ಚಿಕ್ಕದಿದ್ದರೆ ಕೆಲಸ ಕಡಿಮೆಯಿರುವ ಹೊತ್ತು ಸಾಕು. ನೂರಾರು ಜಿಬಿಗೆ ಬೆಳೆದಿದ್ದರೆ ಮೊದಲೇ ತಿಳಿಸಿ ಸರ್ವರ್ ಆಫ್ ಮಾಡಿ ಅಳಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೊಸ ಬರವಣಿಗೆ ಇರದ ಕಾರಣ ವಿಲೀನ ಬೇಗ ಮುಗಿಯುತ್ತದೆ. ಹೇಗೆ ಅಳಿಸುವುದಾದರೂ ಮೊದಲು ಬ್ಯಾಕಪ್ ಬೇಕು, ಅದೂ ರಿಸ್ಟೋರ್ ಮಾಡಿ ನೋಡಿದ ಬ್ಯಾಕಪ್. ಡಿಸ್ಕ್ ಥಿನ್ ಆಗಿದ್ದರೆ ಮೂಲ ಫೈಲ್ ಹಿಗ್ಗುವುದರಿಂದ ಡೇಟಾಸ್ಟೋರ್‌ನಲ್ಲಿ ಜಾಗವೂ ಬೇಕು. ಜಾಗವಿಲ್ಲದಿದ್ದರೆ ಬೇರೆ ಡೇಟಾಸ್ಟೋರ್‌ಗೆ ಕ್ಲೋನ್ ಮಾಡಿ: ಕ್ಲೋನ್ ಆದ ಪ್ರತಿಯಲ್ಲಿ ಸರಪಳಿ ಇರುವುದಿಲ್ಲ.

ವಿಲೀನ ಶುರುವಾದ ಮೇಲೆ ತಾಳ್ಮೆ ಬೇಕು. 99 ಪರ್ಸೆಂಟ್‌ನಲ್ಲಿ ಗಂಟೆಗಟ್ಟಲೆ ನಿಂತಂತೆ ಕಂಡರೂ ಹೋಸ್ಟ್ ರೀಬೂಟ್ ಮಾಡಬಾರದು. ಡಿಸ್ಕ್ ಫೈಲ್‌ಗಳ ಸಮಯ ಬದಲಾಗುತ್ತಿದ್ದರೆ ಕೆಲಸ ನಡೆಯುತ್ತಿದೆಯೆಂದೇ ಅರ್ಥ. ಸ್ನ್ಯಾಪ್‌ಶಾಟ್ ಪಟ್ಟಿ ಖಾಲಿಯಾದೊಡನೆ ಮುಗಿಯಿತೆನ್ನಲೂ ಆಗದು. ಬ್ಯಾಕಪ್ ಸಾಫ್ಟ್‌ವೇರ್ ಡಿಸ್ಕನ್ನು ಬಿಡದೆ ಹಿಡಿದಿದ್ದರೆ ಪಟ್ಟಿ ಖಾಲಿ, ಸರ್ವರ್ ಮಾತ್ರ ಇನ್ನೂ 000001 ಫೈಲ್ ಮೇಲೇ ಓಡುತ್ತಿರುತ್ತದೆ. ಆಗ ಆ ಹಿಡಿತ ಬಿಡಿಸಿ ‘ಕನ್ಸಾಲಿಡೇಟ್’ ಕೊಡಬೇಕು.