ಹೊಸ ಸ್ಪೀಕರ್ ಕೊಳ್ಳುವ ಮುನ್ನ

ಕಾಚಿಗುಡದ ಬಾಡಿಗೆ ಕೋಣೆಗಳಲ್ಲಿರುವ ನಮ್ಮ ಬಾಂಧವರು ಕೆಲಸ ಮುಗಿಸಿ ಬಂದು, ಕಂಪ್ಯೂಟರಿನಲ್ಲಿ ಭೀಮಸೇನ ಜೋಶಿಯವರ ಗಾಯನವನ್ನೋ ಯಕ್ಷಗಾನದ ಭಾಗವತಿಕೆಯನ್ನೋ ಕೇಳುವುದುಂಟು. ಚೆಂಡೆ ತಗಡು ಬಡಿದಂತಿದೆ, ಪದ್ಯದ ಸಾಹಿತ್ಯವೇ ತಿಳಿಯದೆಂದು ದೂರಿ, ಮರುದಿನವೇ ಕೋಠಿಯ ಗುಜರಾತಿ ಗಲ್ಲಿಗೆ ಓಡುತ್ತಾರೆ. ದುಡಿದ ಹಣ ಬಿಚ್ಚುವ ಮೊದಲು ಕೊಂಚ ತಾಳಬೇಕೆಂದು ನಮ್ಮ ವಿನಂತಿ.

ಸ್ಪೀಕರನ್ನು ಮೂಲೆಗೆ ಒತ್ತರಿಸಿಟ್ಟರೆ ಮಂದ್ರಧ್ವನಿಯು ಗೋಡೆಗಳಿಂದ ಮರಳಿ, ಉಬ್ಬಿ, ಸಾಹಿತ್ಯವನ್ನು ಮುಚ್ಚಿಬಿಡುತ್ತದೆ. ಒಂದು ಗೇಣಾದರೂ ಈಚೆಗೆ ತನ್ನಿರಿ. ಎರಡನ್ನೂ ನಿಮ್ಮಿಂದ ಸಮದೂರದಲ್ಲಿಟ್ಟು, ನಿಮ್ಮತ್ತ ತಿರುಗಿಸಿ, ಕಿವಿಯ ಮಟ್ಟಕ್ಕೆ ಎತ್ತರಿಸಿರಿ. ತಾರಸ್ವರಗಳು ನೇರವಾಗಿ ಸಾಗತಕ್ಕವು, ಎದೆಗೆ ಬಡಿದರೆ ಕಿವಿಗೆ ದಕ್ಕವು. ಅಡಿಗೆ ಹಳೆಯ ರಬ್ಬರ್ ಚಪ್ಪಲಿಯ ತುಂಡುಗಳನ್ನಿಟ್ಟರೆ ಮೇಜಿನ ನಡುಕ ಅಡಗುವುದು. (ಸಂಗೀತದಡಿಗೆ ಚಪ್ಪಲಿಯೇ ಎನ್ನುವವರು ಸೈಕಲ್ ಟ್ಯೂಬು ಬಳಸಲಿ.) ಕಂಪ್ಯೂಟರಿನ ಧ್ವನಿಯನ್ನು ಪೂರ್ಣವಾಗಿ ಏರಿಸಿ, ಸ್ಪೀಕರಿನ ಗುಂಡಿಯಿಂದ ತಗ್ಗಿಸಿದರೆ ಸುಂಯ್‌ಗುಡುವ ಶಬ್ದವೂ ಕಡಿಮೆಯಾಗುವುದು.

ಆಮೇಲೂ ಕೊಳ್ಳಲೇಬೇಕಾದರೆ, ಡಬ್ಬದ ಮೇಲಿನ ಸಾವಿರಗಟ್ಟಲೆ ವಾಟಿನ 'ಪಿ.ಎಂ.ಪಿ.ಒ.' ಬರಹಕ್ಕೆ ಮರುಳಾಗಬೇಡಿರಿ. ಸತತವಾಗಿ ದೊರೆಯುವ ಬಲವನ್ನು ತಿಳಿಸುವುದು 'ಆರ್.ಎಂ.ಎಸ್.' ಅಂಕೆ. ಯು.ಎಸ್.ಬಿ. ೨.೦ ಕಿಂಡಿಯು ಸಾಮಾನ್ಯವಾಗಿ ಕೊಡುವುದು ೫ ವೋಲ್ಟ್, ಅರ್ಧ ಆಂಪಿಯರ್, ಅಂದರೆ ೨.೫ ವಾಟ್. ಅದೊಂದರಿಂದಲೇ ನಡೆಯುವ ಸ್ಪೀಕರು ೧೦೦ ವಾಟ್ ಕೊಡುವುದೆಂದರೆ, ಒಂದು ಸೇರು ಹಾಲಿಗೆ ನಲವತ್ತು ಸೇರು ನೀರೆರೆಯುವ ಹೋಟೆಲಿನವನೂ ನಾಚಬೇಕು! ನಿಮಗೆ ಬಾಯಿಪಾಠವಾದ ಪದ್ಯವೊಂದನ್ನು ಅಂಗಡಿಯಲ್ಲೇ ಹಚ್ಚಿಸಿ ಕೇಳಿ, ಅನಂತರ ಹಣ ಕೊಡಿರಿ.