ಬಾರದ ‘ಫಾರಂ 16’: ಸಂಬಳದಾರರು ಮಾಡಬೇಕಾದುದೇನು?



ಮುಂಗಾರಿನ ದಿನಗಳಲ್ಲಿ ನಮ್ಮ ಸಂಘದ ಕಚೇರಿಗೆ ಬರುವ ವಿಚಾರಣೆಗಳೆಂದರೆ ಮೈಲುತುತ್ತ, ಸುಣ್ಣ, ಗೊಬ್ಬರಗಳದ್ದು. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಸೇರಿಕೊಂಡಿದೆ. “ಮಗ ಬೆಂಗಳೂರಿನ ಕಂಪನಿ ಬಿಟ್ಟು ಬಂದ. ಸಂಬಳದಲ್ಲಿ ತೆರಿಗೆ ಮುರಿದಿದ್ದಾರೆ. ಅದಕ್ಕೆ ಕೊಡಬೇಕಾದ ಫಾರಂ 16 ಮಾತ್ರ ಕೊಡುತ್ತಿಲ್ಲ. ರಿಟರ್ನ್ ಹಾಕುವುದು ಹೇಗೆ?” ಎಂಬ ಪ್ರಶ್ನೆ ಅದು. ಇಂದು ನಮ್ಮ ಸದಸ್ಯರ ಮನೆಗಳಲ್ಲಿ ತೋಟದ ಲೆಕ್ಕದ ಜೊತೆಗೆ ಸಂಬಳದ ಲೆಕ್ಕವೂ ಇರುವುದು ಸಾಮಾನ್ಯವಾದ್ದರಿಂದ, ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುವುದು ಯೋಗ್ಯವೆಂದು ಭಾವಿಸಿದ್ದೇವೆ.

ಈ ಫಾರಂ ಎಂದರೇನು?

1961ರ ಆದಾಯ ತೆರಿಗೆ ಕಾಯ್ದೆಯ 192ನೆಯ ಕಲಮಿನಂತೆ, ನೌಕರನ ಸಂಬಳ ತೆರಿಗೆಯ ಮಿತಿಯನ್ನು ದಾಟುವುದಾದರೆ ಸಂಬಳ ಕೊಡುವವರು ಪ್ರತಿ ತಿಂಗಳೂ ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಹೀಗೆ ಮುರಿದದ್ದಕ್ಕೆ 203ನೆಯ ಕಲಮಿನಂತೆ ನೌಕರನಿಗೆ ಕೊಡಬೇಕಾದ ಪ್ರಮಾಣಪತ್ರವೇ ಫಾರಂ 16. ಮಾರ್ಚ್ 31ಕ್ಕೆ ವರ್ಷ ಮುಗಿದ ಮೇಲೆ ಜೂನ್ 15ರೊಳಗೆ, ಅಂದರೆ ಮೃಗಶಿರಾ ಮಳೆ ಮುಗಿಯುವ ಮುನ್ನ, ಅದು ಕೈಸೇರಬೇಕು. ಅದರಲ್ಲಿ ಎರಡು ಭಾಗ. ‘ಎ’ ಭಾಗದಲ್ಲಿ ಮೂರು ತಿಂಗಳಿಗೊಮ್ಮೆಯಂತೆ ಎಷ್ಟು ತೆರಿಗೆ ಮುರಿದರು, ಎಷ್ಟು ಕಟ್ಟಿದರು ಎಂಬ ಲೆಕ್ಕ. ‘ಬಿ’ ಭಾಗದಲ್ಲಿ ಸಂಬಳ ಮತ್ತು ವಿನಾಯಿತಿಗಳ ವಿವರ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಆದರೆ 2025-26ರವರೆಗಿನ ಸಂಬಳಕ್ಕೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ. ಇಲ್ಲಿ ಹೇಳಿರುವ ಸಂಖ್ಯೆಗಳೆಲ್ಲ ಹಳೆಯ ಕಾಯ್ದೆಯವು.

ಮುಖ್ಯವಾದ ಮಾತು

ಫಾರಂ ಬರಲಿಲ್ಲವೆಂದು ರಿಟರ್ನ್ ನಿಲ್ಲಿಸಬಾರದು. ಇದನ್ನು ಒತ್ತಿ ಹೇಳುತ್ತೇವೆ. ರಿಟರ್ನ್ ಸಲ್ಲಿಸುವ ಹೊಣೆ ಕಾಯ್ದೆಯಂತೆ ನೌಕರನದು. ಧಣಿ ಕಾಗದ ಕೊಡಲಿಲ್ಲವೆಂಬುದರಿಂದ ಆ ಹೊಣೆ ತಪ್ಪುವುದಿಲ್ಲ. ಸಂಬಳದಾರರಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ದಾಟಿದರೆ 5,000 ರೂಪಾಯಿ ತಡಶುಲ್ಕ. ಒಟ್ಟು ಆದಾಯ 5 ಲಕ್ಷ ಮೀರದವರಿಗೆ 1,000 ರೂಪಾಯಿ. ಬಾಕಿ ತೆರಿಗೆ ಇದ್ದರೆ ಅದರ ಮೇಲೆ ಬಡ್ಡಿ ಬೇರೆ. ಜುಲೈ ಕಳೆದ ಮೇಲೆ ಬರುವ ಫಾರಂ ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ.

ರಿಟರ್ನಿಗೆ ಫಾರಂ 16ನ್ನು ಲಗತ್ತಿಸಬೇಕೆಂಬ ನಿಯಮವೂ ಇಲ್ಲ. ಬೇಕಾದುದು ಅದರೊಳಗಿನ ಅಂಕಿಗಳು. ಆ ಅಂಕಿಗಳು ಬೇರೆ ಕಡೆಯೂ ದೊರೆಯುತ್ತವೆ. ಮಂಡಿಯ ಬಿಲ್ಲು ಬರುವುದು ತಡವಾದರೂ ತೂಕದ ಚೀಟಿ ನಮ್ಮ ಕೈಯಲ್ಲಿದ್ದರೆ ಲೆಕ್ಕ ಹಾಕಲು ಆಗುವುದಿಲ್ಲವೇ? ಇದೂ ಹಾಗೆಯೇ.

ಕ್ರಮವಾಗಿ ಮಾಡಬೇಕಾದ ಕೆಲಸ

1. ಜೂನ್ 15 ಕಳೆದ ಕೂಡಲೇ ಬರವಣಿಗೆಯಲ್ಲಿ ಕೇಳಬೇಕು. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲ. ಕೆಲಸ ಮಾಡಿದ ಅವಧಿ, ಪ್ಯಾನ್ ಸಂಖ್ಯೆ, ಈಗಿನ ವಿಳಾಸ ತಿಳಿಸಿ ಇ-ಮೇಲ್ ಕಳುಹಿಸಿ. ಉತ್ತರ ಬಾರದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ ರಸೀತಿ ಇಟ್ಟುಕೊಳ್ಳಿ. ಕೊಡದೆ ಸತಾಯಿಸಿದರೆ 272ಎ ಕಲಮಿನಂತೆ ದಿನಕ್ಕೆ 500 ರೂಪಾಯಿಯಂತೆ, ಮುರಿದ ತೆರಿಗೆಯ ಮೊತ್ತ ಮೀರದಂತೆ, ದಂಡಕ್ಕೆ ಅವಕಾಶವಿದೆಯೆಂದು ಪತ್ರದಲ್ಲಿ ವಿನಯವಾಗಿಯೇ ನೆನಪಿಸಬಹುದು.

2. ಪತ್ರಕ್ಕೆ ಕಾಯುತ್ತ ಕೂರದೆ, ಇಲಾಖೆಯ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆಯಿಂದ ಪ್ರವೇಶಿಸಿ ಫಾರಂ 26ಎ.ಎಸ್. ನೋಡಬೇಕು. ನಿಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಮುರಿದು ಕಟ್ಟಿದ್ದಾರೆಂಬುದು ಅದರಲ್ಲಿರುತ್ತದೆ. 2021ರ ನವೆಂಬರಿನಿಂದ ವಾರ್ಷಿಕ ಮಾಹಿತಿ ಪಟ್ಟಿಯೂ ಅಲ್ಲಿಯೇ ಸಿಗುತ್ತಿದೆ. ಬ್ಯಾಂಕಿನ ಬಡ್ಡಿ ಮುಂತಾದುವನ್ನು ಅದರಲ್ಲಿ ನೋಡಬಹುದು.

3. ಹನ್ನೆರಡು ತಿಂಗಳ ಸಂಬಳದ ಚೀಟಿಗಳನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಮುಂದಿಟ್ಟುಕೊಂಡು ಒಟ್ಟು ಸಂಬಳ ಕೂಡಿಸಬೇಕು. ಕೈಗೆ ಬಂದ ಹಣವೇ ಸಂಬಳವಲ್ಲ. ಮುರಿದ ತೆರಿಗೆ, ಭವಿಷ್ಯ ನಿಧಿಗೆ ನೌಕರನ ಪಾಲಾಗಿ ಮುರಿದ ವಂತಿಗೆ ಎಲ್ಲವೂ ಸೇರಿದ್ದು ಸಂಬಳ. ಅದರಿಂದ ಸಾದಾ ಕಡಿತ ಕಳೆಯಬೇಕು: ಹೊಸ ಪದ್ಧತಿಯಲ್ಲಿ 75,000 ರೂಪಾಯಿ, ಹಳೆಯದರಲ್ಲಿ 50,000 ರೂಪಾಯಿ. ಮನೆ ಬಾಡಿಗೆ, ವಿಮೆ ಮುಂತಾದ ವಿನಾಯಿತಿಗಳು ಬೇಕೆನ್ನುವವರು ಹಳೆಯ ಪದ್ಧತಿಯಲ್ಲಿ ರಸೀತಿಗಳ ಆಧಾರದಿಂದ ಲೆಕ್ಕ ಹಾಕಬೇಕು.

4. ಮೊತ್ತಗಳು 26ಎ.ಎಸ್.ಗೆ ತಾಳೆಯಾದರೆ ನಿಶ್ಚಿಂತೆಯಿಂದ ರಿಟರ್ನ್ ಸಲ್ಲಿಸಿ. ಫಾರಂ ಬಾರದಿದ್ದರೂ ನಷ್ಟವಿಲ್ಲ.

ತಾಳೆಯಾಗದಿದ್ದರೆ?

ನಿಜವಾದ ತೊಂದರೆ ಇಲ್ಲಿಯೇ. ಸಂಬಳದ ಚೀಟಿಯಲ್ಲಿ ತೆರಿಗೆ ಮುರಿದಿದೆ, 26ಎ.ಎಸ್.ನಲ್ಲಿ ಕಾಣುವುದಿಲ್ಲ. ಇದಕ್ಕೆ ಮೂರು ಕಾರಣಗಳಿರಬಹುದು: ಹಣ ಕಟ್ಟಿ, ಪ್ಯಾನ್ ಸಂಖ್ಯೆ ತಪ್ಪಾಗಿ ಬರೆದಿರಬಹುದು, ಹಣ ಕಟ್ಟಿ, 24ಕ್ಯೂ ಎಂಬ ತ್ರೈಮಾಸಿಕ ಲೆಕ್ಕಪಟ್ಟಿ ಸಲ್ಲಿಸದೆ ಉಳಿದಿರಬಹುದು, ಅಥವಾ ಹಣವನ್ನೇ ಕಟ್ಟಿರಲಿಕ್ಕಿಲ್ಲ. ಕೊನೆಯ ತ್ರೈಮಾಸಿಕದ ಪಟ್ಟಿಗೆ ಮೇ 31 ಗಡುವು. ಮೊದಲೆರಡು ಕಾರಣಗಳಾದರೆ ಕಂಪನಿಯ ಲೆಕ್ಕಿಗರು ತಿದ್ದುಪಡಿ ಪಟ್ಟಿಯನ್ನೋ ಬಾಕಿ ಉಳಿದ ಪಟ್ಟಿಯನ್ನೋ ಸಲ್ಲಿಸಿದರೆ ಸರಿಹೋಗುತ್ತದೆ.

ಹಣವನ್ನೇ ಕಟ್ಟಿಲ್ಲವಾದರೆ ನೌಕರನಿಗೆ ಆಸರೆ 205ನೆಯ ಕಲಮು. ಸಂಬಳದಿಂದ ಒಮ್ಮೆ ಮುರಿದ ತೆರಿಗೆಯನ್ನು, ಅಷ್ಟರ ಮಟ್ಟಿಗೆ, ಪುನಃ ನೌಕರನಿಂದ ಕೇಳತಕ್ಕದ್ದಲ್ಲವೆಂದು ಅದು ಹೇಳುತ್ತದೆ. ಕೇಂದ್ರೀಯ ನೇರ ತೆರಿಗೆಗಳ ಮಂಡಳಿಯೂ 2015ರ ಜೂನ್ 1ರಂದು ಮತ್ತು 2016ರ ಮಾರ್ಚ್ 11ರಂದು ತನ್ನ ಅಧಿಕಾರಿಗಳಿಗೆ ಇದನ್ನು ಬರೆದು ತಿಳಿಸಿದೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ನೌಕರರ ಸಂಬಳದಿಂದ ಮುರಿದ ತೆರಿಗೆಯನ್ನು ಅದು ಸರ್ಕಾರಕ್ಕೆ ಕಟ್ಟದೆ ಬಾಕಿ ಉಳಿಸಿಕೊಂಡಿತ್ತು. ಅಲ್ಲಿ ದುಡಿದಿದ್ದ ಪೈಲಟ್ ಒಬ್ಬರಿಂದ ಇಲಾಖೆ ಆ ತೆರಿಗೆಯನ್ನು ಕೇಳಿದಾಗ ಅವರು ನ್ಯಾಯಾಲಯಕ್ಕೆ ಹೋದರು. ಮುರಿದ ತೆರಿಗೆಯನ್ನು ನೌಕರನಿಂದ ಮತ್ತೆ ವಸೂಲು ಮಾಡಲಾಗದೆಂದು ಗುಜರಾತ್ ಹೈಕೋರ್ಟು 2021ರಲ್ಲಿ ತೀರ್ಪು ಕೊಟ್ಟಿತು. ಕಂಪನಿ ಮುಚ್ಚಿದ ಎಷ್ಟೋ ವರ್ಷಗಳ ಮೇಲೆ ದೊರೆತ ನ್ಯಾಯವಿದು. ಇಂಥ ವ್ಯಾಜ್ಯದಲ್ಲಿ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕಗಳಿಲ್ಲದೆ ಮಾತು ನಿಲ್ಲುವುದಿಲ್ಲ.

ಆದುದರಿಂದ ಇಂಥ ಸಂದರ್ಭದಲ್ಲಿ ಪೂರ್ತಿ ಸಂಬಳವನ್ನು ತೋರಿಸಿ, ಮುರಿದ ತೆರಿಗೆಯನ್ನೂ ಧಣಿಯ ಟ್ಯಾನ್ ಸಂಖ್ಯೆಯೊಡನೆ ಕಾಣಿಸಿ ರಿಟರ್ನ್ ಸಲ್ಲಿಸಬೇಕು. ಇಲಾಖೆಯ ಯಂತ್ರ ತಾಳೆ ಕಾಣದೆ ಬೇಡಿಕೆಯ ನೋಟೀಸು ಕಳುಹಿಸಬಹುದು. ಹೆದರಿ ಎರಡನೆಯ ಸಲ ಹಣ ಕಟ್ಟುವುದೂ ಬೇಡ, ನೋಟೀಸನ್ನು ಪೆಟ್ಟಿಗೆಗೆ ಹಾಕಿ ಸುಮ್ಮನಿರುವುದೂ ಬೇಡ. ಕೊಟ್ಟ ಗಡುವಿನೊಳಗೆ, 205ನೆಯ ಕಲಮನ್ನು ಹೆಸರಿಸಿ, ಸಂಬಳದ ಚೀಟಿ ಮತ್ತು ಪಾಸ್‌ಬುಕ್ಕಿನ ಪ್ರತಿಗಳೊಡನೆ ಬೇಡಿಕೆ ಒಪ್ಪುವುದಿಲ್ಲವೆಂದು ಉತ್ತರಿಸಬೇಕು. ಧಣಿಯ ಕಚೇರಿ ಯಾವ ವ್ಯಾಪ್ತಿಗೆ ಬರುತ್ತದೋ ಅಲ್ಲಿನ ಟಿ.ಡಿ.ಎಸ್. ಅಧಿಕಾರಿಗೆ ದೂರು ಕೊಡಬೇಕು. ಒಂದು ಮಾತನ್ನು ಮರೆಮಾಚದೆ ಹೇಳಬೇಕು: ಈ ಕಲಮು ವಸೂಲಿಯನ್ನು ತಡೆಯುತ್ತದೆ, ಕಟ್ಟದೆ ಉಳಿದ ಹಣದಲ್ಲಿ ಮರುಪಾವತಿ ಪಡೆಯುವುದು ಸುಲಭವಲ್ಲ.

ಇನ್ನೊಂದು ಎಚ್ಚರಿಕೆ. ಧಣಿ ತೆರಿಗೆ ಮುರಿದೇ ಇಲ್ಲವಾದರೆ 205ನೆಯ ಕಲಮಿನ ರಕ್ಷಣೆ ಇಲ್ಲ. ಆಗ ಲೆಕ್ಕ ಹಾಕಿ ತೆರಿಗೆಯನ್ನು ನೌಕರನೇ ಕಟ್ಟಿ ರಿಟರ್ನ್ ಸಲ್ಲಿಸಬೇಕು.

ಎರಡು ಕೆಲಸ, ಒಂದು ತೋಟ

ವರ್ಷದ ನಡುವೆ ಕೆಲಸ ಬದಲಿಸಿದವರಿಗೇ ಹಳೆಯ ಕಡೆಯ ಫಾರಂ ಬಾರದಿರುವುದು ಹೆಚ್ಚು. ಕೆಲವರು ಹೊಸ ಕಂಪನಿಯ ಫಾರಂ ಒಂದನ್ನೇ ನೋಡಿ ರಿಟರ್ನ್ ಮುಗಿಸುತ್ತಾರೆ. ಹಳೆಯ ಸಂಬಳ 26ಎ.ಎಸ್.ನಲ್ಲಿ ಇದ್ದೇ ಇರುತ್ತದೆ. ಆಮೇಲೆ ನೋಟೀಸು ಬರುತ್ತದೆ. ಎರಡೂ ಕಡೆಯವರು ಸಾದಾ ಕಡಿತವನ್ನೂ ಕೆಳಗಿನ ದರವನ್ನೂ ಬೇರೆ ಬೇರೆಯಾಗಿ ಕೊಟ್ಟಿರುವುದರಿಂದ, ಕೂಡಿಸಿದಾಗ ತೆರಿಗೆ ಬಾಕಿ ಬೀಳುವುದೂ ಉಂಟು. ಹೊಸ ಕೆಲಸಕ್ಕೆ ಸೇರಿದ ದಿನವೇ ಹಳೆಯ ಸಂಬಳದ ವಿವರವನ್ನು ಅಲ್ಲಿ ಬರೆದುಕೊಟ್ಟರೆ ಇದು ತಪ್ಪುತ್ತದೆ.

ಹೆಸರಿನಲ್ಲಿ ತೋಟವಿರುವ ಸಂಬಳದಾರರು ಇನ್ನೊಂದನ್ನು ಗಮನಿಸಬೇಕು. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಆದರೆ ಅದು 5,000 ರೂಪಾಯಿ ಮೀರಿದರೆ ಸಂಬಳದ ತೆರಿಗೆಯ ದರ ನಿಗದಿ ಮಾಡಲು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಥವರು ‘ಸಹಜ್’ ಎಂಬ ಐ.ಟಿ.ಆರ್. 1ನ್ನು ಬಳಸುವಂತಿಲ್ಲ. ಕಾಫಿಯನ್ನು ಬೆಳೆದವರೇ ಕ್ಯೂರಿಂಗ್ ಮಾಡಿ ಮಾರಿದರೆ ಆ ಆದಾಯದ ಶೇಕಡಾ 25 ವ್ಯಾಪಾರದ ಆದಾಯವೆಂದು 7ಬಿ ನಿಯಮ ಹೇಳುತ್ತದೆ. ಸಂಬಳದ ಫಾರಂ 16ರಲ್ಲಿ ಈ ಯಾವುದೂ ಇರುವುದಿಲ್ಲ; ಅದು ಬಂದರೂ ಈ ಲೆಕ್ಕವನ್ನು ನಾವೇ ಸೇರಿಸಬೇಕು.

ನಾವೂ ಧಣಿಗಳೇ

ಕಂಪನಿಗಳನ್ನು ದೂರುವ ಮೊದಲು ನಮ್ಮ ಕಡೆಯೂ ನೋಡಿಕೊಳ್ಳೋಣ. ದಿನಗೂಲಿ ಆಳುಗಳ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಆದರೆ ಎಸ್ಟೇಟಿನ ಮ್ಯಾನೇಜರ ಸಂಬಳ ತೆರಿಗೆಯ ಮಿತಿ ದಾಟಿದರೆ, ಮಾಲೀಕರು ಟ್ಯಾನ್ ಸಂಖ್ಯೆ ಪಡೆದು ತೆರಿಗೆ ಮುರಿದು, ಮುಂದಿನ ತಿಂಗಳ 7ರೊಳಗೆ (ಮಾರ್ಚಿನದಾದರೆ ಏಪ್ರಿಲ್ 30ರೊಳಗೆ) ಕಟ್ಟಿ, ಜೂನ್ 15ಕ್ಕೆ ಫಾರಂ ಕೊಡಬೇಕು. ಮುರಿದ ಹಣ ನಮ್ಮದಲ್ಲ. ಕಟ್ಟದೆ ಉಳಿಸಿಕೊಂಡರೆ ಬಡ್ಡಿ ಮಾತ್ರವಲ್ಲ, ಮೊಕದ್ದಮೆಗೂ ಕಾಯ್ದೆಯಲ್ಲಿ ಎಡೆಯುಂಟು. ತೆರಿಗೆ ಮುರಿಯುವಷ್ಟು ಸಂಬಳವಿಲ್ಲದವರಿಗೆ ಫಾರಂ ಕೊಡುವ ಕಡ್ಡಾಯವಿಲ್ಲವಾದರೂ, ರೈಟರು ಬ್ಯಾಂಕ್ ಸಾಲಕ್ಕೆಂದು ಕೇಳಿದಾಗ ಸಂಬಳದ ಚೀಟಿಯನ್ನು ಸಹಿ ಮಾಡಿ ಕೊಡುವುದು ಧರ್ಮ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಊರಿಗೆ ಬಂದ ಮಕ್ಕಳಿಗೆ ಸಂಬಳದ ಚೀಟಿಗಳನ್ನು ತಿಂಗಳು ತಿಂಗಳೂ ತೆಗೆದಿಡಲು ಹೇಳಿ. ಕೆಲಸ ಬಿಟ್ಟ ಮರುದಿನದಿಂದ ಕಂಪನಿಯ ಕಂಪ್ಯೂಟರಿನೊಳಗಿನ ಕಾಗದ ಅವರ ಕೈಗೆ ಸಿಗುವುದು ಕಷ್ಟ. ಲೆಕ್ಕ ತಾಳೆಯಾಗದವರು ಜುಲೈ ಕೊನೆಯ ವಾರದವರೆಗೆ ಕಾಯದೆ, ಚೀಟಿಗಳು, ಪಾಸ್‌ಬುಕ್ಕು ಮತ್ತು 26ಎ.ಎಸ್. ಪ್ರತಿಯೊಡನೆ ಯಾರಾದರೂ ತಿಳಿದ ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು. ಧಣಿಗೆ ಬರೆಯಬೇಕಾದ ಪತ್ರದ ಒಕ್ಕಣೆ ಬೇಕಾದವರು ಸಂಘದ ಕಚೇರಿಯಲ್ಲಿ ವಿಚಾರಿಸಬಹುದು.

— ಕಾರ್ಯದರ್ಶಿ